ಮೂರನೆಯ ಅಧ್ಯಾಯ ನಿಲ್ಲಿಸಿರುವ ಪುಟ್ಟಿಗೆ

ಮಂಡ್ಯ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಶನಿವಾರ ತಲುಪಿತು. ಫೋನು ಮಾಡಿ ಮಾತಾಡಿಬಿಡಬಹುದಿತ್ತು, ಮೈಸೂರೇನು ದೂರವಲ್ಲ. ಆದರೆ ನೀನು ಇದನ್ನು ಫೋನಿನಲ್ಲಿ ಹೇಳದೆ ಕೂತು ಬರೆದಿದ್ದೀಯ ಎಂದರೆ ಬಾಯಿಗೆ ಬರಲಿಲ್ಲವೆಂದೇ ಅರ್ಥ. ಹಾಗಾಗಿ ನಾನೂ ಬರೆಯುತ್ತೇನೆ. ಸಾಲು ಸೊಟ್ಟಗೆ ಓಡಿದ್ದರೆ ನನ್ನ ಕಣ್ಣಿನ ಪೊರೆಯನ್ನು ಬೈದುಕೋ.

ಹಾಸ್ಟೆಲಿನ ಸಾರು, ಮಾರ್ಗದರ್ಶಕರ ಮುನಿಸು, ತಡವಾದ ಫೆಲೋಶಿಪ್ ಹಣ, ಎಲ್ಲವನ್ನೂ ಓದಿದೆ. ಅವು ಹೇಗೋ ಸರಿಹೋಗುತ್ತವೆ. ಮೂರನೆಯ ಹಾಳೆಯ ಕೆಳಗೆ ಹೊಡೆದುಹಾಕಿ ಮತ್ತೆ ಬರೆದ ನಾಲ್ಕು ಸಾಲುಗಳಿವೆಯಲ್ಲ, ಅಲ್ಲಿಗೆ ಬಂದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಳವಳ್ಳಿ ಕಡೆಯ ಆ ಹೆಂಗಸು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ, ತಲೆ ಎತ್ತದೆ, ನಿನ್ನನ್ನು ಕೇಳಿದಳು: ಇದನ್ನೆಲ್ಲ ಬರೆದುಕೊಂಡು ಹೋದರೆ ನಿನಗೆ ಪದವಿ ಬರುತ್ತದೆ, ನನಗೇನು ಬರುತ್ತದೆ? ನೀನು ಏನೂ ಹೇಳದೆ ಎದ್ದು ಬಂದೆ. ಅಂದಿನಿಂದ ನಿನ್ನ ಪ್ರಬಂಧದ ಮೂರನೆಯ ಅಧ್ಯಾಯ ನಿಂತಿದೆ. ಅವರ ಬದುಕನ್ನು ಕದ್ದು ನನ್ನ ಹೆಸರಿನ ಹಿಂದೆ ಅಂಟಿಸಿಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ, ಮಹಿಳಾ ಅಧ್ಯಯನಕ್ಕೆ ದಾರಿ ಮಾಡಿಕೊಟ್ಟ ವೀಣಾ ಮಜುಮ್ದಾರ್ ಅಂಥವರ ಬಗ್ಗೆ ಬರೆಯುವ ಯೋಗ್ಯತೆಯೂ ನನಗಿಲ್ಲ, ಬಿಟ್ಟುಬಿಡಲೇ ಅತ್ತೆ ಎಂದು ಕೇಳಿದ್ದೀಯ.

ಬಿಡು ಎಂದೋ ಬಿಡಬೇಡ ಎಂದೋ ಒಂದು ಮಾತಿನಲ್ಲಿ ಹೇಳುವಷ್ಟು ಧೈರ್ಯ ನನಗಿಲ್ಲ. ಈ ಓಣಿಯಲ್ಲಿ ಬುದ್ಧಿ ಹೇಳುವವರಿಗೇನೂ ಕೊರತೆಯಿಲ್ಲ, ಆ ಗುಂಪಿಗೆ ಸೇರಲು ನನಗೆ ಇಷ್ಟವೂ ಇಲ್ಲ. ಆದರೆ ಒಂದು ವಿಷಯ ಎರಡು ರಾತ್ರಿಯಿಂದ ತಲೆಯಲ್ಲಿ ಕೊರೆಯುತ್ತಿದೆ. ಆಕೆ ನಿನ್ನನ್ನು ಚುಚ್ಚಲೆಂದೇ ಕೇಳಿದಳೆಂದು ಯಾಕೆ ಅಂದುಕೊಂಡೆ? ನಿಜವಾಗಿಯೂ ತಿಳಿದುಕೊಳ್ಳಲು ಕೇಳಿರಬಹುದಲ್ಲ?

ನೀನು ಪಟ್ಟಣದಲ್ಲಿ ಬೆಳೆದವಳು. ನಮ್ಮ ಕಡೆ ರೇಷ್ಮೆ ಸಾಕುವ ಮನೆಯಲ್ಲಿ ಯಾರಿಗೆ ಎಷ್ಟು ಎಂಬುದು ದಿನಬೆಳಗಾದರೆ ಇರುವ ಮಾತು. ಮೊಟ್ಟೆಗೆ ಎಷ್ಟು, ಸೊಪ್ಪಿಗೆ ಎಷ್ಟು, ಆಳಿಗೆ ಎಷ್ಟು, ಗೂಡಿನ ಮಾರುಕಟ್ಟೆಯಲ್ಲಿ ಲಾಟಿಗೆ ಎಷ್ಟು ಕೂಗಿದರು. ಅಂಥ ಮನೆಯವಳು ನಿನ್ನ ಪುಸ್ತಕ ಪೆನ್ನು ನೋಡಿ ಇದರಲ್ಲಿ ಯಾರ ಪಾಲು ಎಷ್ಟು ಎಂದು ಕೇಳಿದರೆ ಅದು ಬೈಗುಳವಲ್ಲ. ಇನ್ನೊಂದು ಮಾತು. ಗೂಡು ಬಿಡಿಸುವವರೆಗೆ ಕೆಲಸವೆಲ್ಲ ಆಕೆಯದು, ಗೂಡು ಚೀಲಕ್ಕೆ ಬಿದ್ದ ಮೇಲೆ ಮಾರುಕಟ್ಟೆಗೆ ಹೋಗುವವನು ಗಂಡ ಅಥವಾ ಮಗ. ದುಡ್ಡು ಅವನ ಜೇಬಿಗೆ ಬರುತ್ತದೆ. ಎಲ್ಲ ಮನೆಯಲ್ಲೂ ಹೀಗೆ ಎನ್ನುವುದಿಲ್ಲ, ನಾನು ಕೆಲಸ ಮಾಡಿದ ಊರುಗಳಲ್ಲಿ ಬಹುಪಾಲು ಹೀಗೆಯೇ ಇತ್ತು. ನನಗೇನು ಬರುತ್ತದೆ ಎಂಬ ಪ್ರಶ್ನೆಯನ್ನು ಆಕೆ ಮನೆಯಲ್ಲಿ ಯಾರ ಮುಂದಾದರೂ ಕೇಳಿದ್ದಾಳೆಯೇ? ಕೇಳುವಂತಿದೆಯೇ? ನಿನ್ನ ಮುಂದೆ ಕೇಳಿದಳು. ನೀನು ಎದ್ದು ಬಂದೆ.

ಇದನ್ನು ನಿನ್ನ ಮನಸ್ಸು ನೋಯಿಸಲು ಬರೆಯಲಿಲ್ಲ. ಓದಿ ನೋಡಿದರೆ ಸ್ವಲ್ಪ ಖಾರವಾಗಿಯೇ ಇದೆ, ಆದರೂ ಹೊಡೆದುಹಾಕುವುದಿಲ್ಲ.

ನೀನು ಕಳುಹಿಸಿದ ಮೊದಲೆರಡು ಅಧ್ಯಾಯಗಳನ್ನು ಪೂರ್ತಿ ಓದಿದ್ದೇನೆ. ಎರಡನೆಯದರಲ್ಲಿ ಅಡಿಟಿಪ್ಪಣಿಗಳ ಕಾಟ ಹೆಚ್ಚು, ಆದರೂ ಓದಿಸಿಕೊಂಡು ಹೋಗುತ್ತದೆ. ಓದುತ್ತ ಓದುತ್ತ ನನಗೆ ಅನ್ನಿಸಿದ್ದು, ನೀನು ವೀಣಾ ಅವರನ್ನು ಎತ್ತಿ ಪೀಠದ ಮೇಲೆ ಕೂರಿಸಿದ್ದೀಯ, ಈಗ ಕೆಳಗೆ ನಿಂತು ಹೆದರುತ್ತಿದ್ದೀಯ. 1927ರಲ್ಲಿ ಕಲ್ಕತ್ತದ ಓದುಬರಹದ ಮನೆಯಲ್ಲಿ ಹುಟ್ಟಿದರು, ಇತಿಹಾಸಕಾರ ಆರ್. ಸಿ. ಮಜುಮ್ದಾರ್ ಅವರಿಗೆ ಚಿಕ್ಕಪ್ಪನಾಗಬೇಕು, ಓದು ಬನಾರಸ್, ಕಲ್ಕತ್ತ, ಆಕ್ಸ್‌ಫರ್ಡ್. ಪಾಟ್ನಾದಲ್ಲಿ, ಆಮೇಲೆ ಒಡಿಶಾದ ಬೆರ್ಹಾಂಪುರದಲ್ಲಿ ರಾಜ್ಯಶಾಸ್ತ್ರ ಕಲಿಸಿದರು, ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡುವ ಯುಜಿಸಿಯಲ್ಲಿ ಕೆಲಸ ಮಾಡಿದರು. ಇದನ್ನೆಲ್ಲ ನೀನೇ ಬರೆದಿದ್ದೀಯ. ಆದರೆ ಆ ವರ್ಷಗಳಲ್ಲೆಲ್ಲ ಅವರಿಗೆ ಹಳ್ಳಿಯ ಹೆಂಗಸರ ವಿಷಯ ಎಷ್ಟು ಗೊತ್ತಿತ್ತು? ಸಂವಿಧಾನ ಸಮಾನತೆ ಕೊಟ್ಟಾಗಿದೆ, ಇನ್ನೇನು ಎಂದು ನಂಬಿ ಪಾಠ ಮಾಡಿದ ತಲೆಮಾರು ಅದು. ನಾನು ಕೂಡ ಆ ಪಾಠ ಕೇಳಿಯೇ ಪರೀಕ್ಷೆ ಪಾಸು ಮಾಡಿದವಳು.

ಸರ್ಕಾರ 1971ರಲ್ಲಿ ಫೂಲ್‌ರೇಣು ಗುಹಾ ಅವರ ಅಧ್ಯಕ್ಷತೆಯಲ್ಲಿ ಮಹಿಳೆಯರ ಸ್ಥಾನಮಾನದ ಸಮಿತಿ ಮಾಡಿತು. ವೀಣಾ ಅದಕ್ಕೆ ಸದಸ್ಯ ಕಾರ್ಯದರ್ಶಿಯಾಗಿ ಬಂದದ್ದು ಕೆಲಸ ಅರ್ಧ ದಾರಿಯಲ್ಲಿ ತಡವರಿಸುತ್ತಿದ್ದಾಗ. ಅಂದರೆ ಅವರೂ ಎಲ್ಲ ತಿಳಿದುಕೊಂಡು ಹೋದವರಲ್ಲ. ಸಮಿತಿಯವರು ರಾಜ್ಯ ರಾಜ್ಯ ತಿರುಗಿ ಹೆಂಗಸರ ಮಾತು ಕೇಳಿದರು. ಕಾಗದದ ಮೇಲೆ ಇದ್ದದ್ದಕ್ಕೂ ಕಿವಿಗೆ ಬಿದ್ದದ್ದಕ್ಕೂ ತಾಳೆಯೇ ಆಗಲಿಲ್ಲ. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ರ ಹೊತ್ತಿಗೆ 930ಕ್ಕೆ ಇಳಿದಿತ್ತು. ದುಡಿಮೆಯ ಲೆಕ್ಕದಲ್ಲಿ ಹೆಂಗಸರ ಪಾಲು ಕುಗ್ಗುತ್ತ ಬಂದಿತ್ತು. 1974ರ ಡಿಸೆಂಬರಿನಲ್ಲಿ ಕೊಟ್ಟ ಆ ವರದಿ, ‘ಟುವರ್ಡ್ಸ್ ಈಕ್ವಾಲಿಟಿ’, ಮಹಿಳಾ ಅಧ್ಯಯನ ಎಂಬ ನಿನ್ನ ವಿಭಾಗಕ್ಕೇ ಬುನಾದಿ ಎಂದು ಬರೆದಿದ್ದೀಯ. ಇರಬಹುದು. ನನಗೆ ಅದಕ್ಕಿಂತ ಹಿಡಿಸಿದ್ದು ಆಗ ಅವರ ವಯಸ್ಸು. ನಲವತ್ತೇಳು. ನಲವತ್ತೇಳರಲ್ಲಿ, ಡಾಕ್ಟರೇಟ್ ಇದ್ದುಕೊಂಡು, ಇಷ್ಟು ದಿನ ಕಲಿಸಿದ್ದು ಅರ್ಧ ಸತ್ಯ ಎಂದು ಕಾಣಬೇಕಾಗಿ ಬಂತು. ನಿನಗೆ ಇಪ್ಪತ್ತಾರಕ್ಕೆ ಕಂಡಿದೆ. ಯೋಗ್ಯತೆಯ ಮಾತನ್ನು ಇಲ್ಲಿಗೆ ಬಿಡೋಣ.

ಕದಿಯುವ ವಿಷಯಕ್ಕೆ ಬರುತ್ತೇನೆ. ನಿನ್ನನ್ನು ಹಿಡಿದಿರುವುದು ಅದೇ ತಾನೇ.

1981ರ ಜನಗಣತಿಗೆ ನನ್ನನ್ನು ಹಾಕಿದ್ದರು. ಶಾಲೆಯ ಮೇಡಂಗಳಿಗೆ ಆಗ ಅದು ತಪ್ಪದ ಕೆಲಸ, ಈಗಲೂ ತಪ್ಪಿಲ್ಲ. ಫೆಬ್ರವರಿ ತಿಂಗಳು. ನನಗೆ ಬಂದ ಊರಿನಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ರೇಷ್ಮೆ. ಜಗಲಿಯ ಮೇಲೆ ಕೂತ ಯಜಮಾನನನ್ನು ಕೇಳಬೇಕು, ಅವನು ಹೇಳಿದಂತೆ ತುಂಬಬೇಕು. ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ ಎಂದರೆ ಏನೂ ಇಲ್ಲ, ಮನೆಯಲ್ಲಿದ್ದಾರೆ ಎನ್ನುವನು. ಒಂದು ಮನೆಯಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿತ್ತು. ನೀನು ಈಗಾಗಲೇ ನೋಡಿರುತ್ತೀಯ, ಆ ಜ್ವರ ಎದ್ದ ಮೇಲೆ ಹುಳು ಹಗಲು ರಾತ್ರಿ ಎನ್ನದೆ ತಿನ್ನುತ್ತದೆ, ತಟ್ಟೆಗಳ ಮೇಲೆ ಮಳೆ ಬಿದ್ದ ಹಾಗೆ ಸದ್ದು. ಆ ಸದ್ದಿನ ನಡುವೆ ಒಳಗಿನಿಂದ ಆಕೆಯ ದನಿ ಬಂತು. ನಾನು ಮನೆಯಲ್ಲಿ ಸುಮ್ಮನೆ ಇದ್ದೇನೆಯೇ ಎಂದು ಒಳಗೆ ಬಂದು ನೋಡಿ ಅಂದಳು. ಗಂಡ ನಕ್ಕ. ನಾನು ಒಳಗೆ ಹೋದೆ. ಸೊಪ್ಪು ಕೊಯ್ದು ತರುವುದು, ಹೆಚ್ಚುವುದು, ಸರಿರಾತ್ರಿ ಎದ್ದು ಮೇವು ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ಒಂದೊಂದನ್ನೇ ಬೆರಳು ಮಡಿಸಿ ಹೇಳಿದಳು. ಕೈಬೆರಳು ಮುಗಿದ ಮೇಲೆ ಇನ್ನೂ ಹೇಳುವುದಿದೆ ಅಂದಳು.

ನಾನು ಆ ಊರಿನ ಅಂಥ ಹೆಂಗಸರನ್ನೆಲ್ಲ ದುಡಿಯುವವರೆಂದು ತುಂಬಿಕೊಂಡು ಬಂದೆ. ಮೇಲ್ವಿಚಾರಕರು ಹಾಳೆ ತಿರುವಿ ನೋಡಿದರು. ಇದೇನು ಮೇಡಂ, ನಿಮ್ಮ ಊರಿನಲ್ಲಿ ಎಲ್ಲ ಹೆಂಗಸರೂ ದುಡಿಯುತ್ತಾರೆಯೇ, ಮೇಲಿನವರು ನನ್ನನ್ನು ಕೇಳಿದರೆ ಏನು ಹೇಳಲಿ ಅಂದರು. ಕೆಟ್ಟವರೇನಲ್ಲ, ಮಕ್ಕಳೊಂದಿಗ. ಕೂರಿಸಿ ಕಾಫಿ ಕೊಡಿಸಿಯೇ ತಿದ್ದಿಸಿದರು. ಬೆರಳು ಮಡಿಸಿ ಎಣಿಸಿದ ಆ ಹೆಂಗಸು ಭಾರತ ಸರ್ಕಾರದ ಲೆಕ್ಕದಲ್ಲಿ ಏನೂ ಮಾಡದವಳಾದಳು.

ನೀನು ಒಬ್ಬಳ ಮಾತನ್ನು ಬರೆದುಕೊಂಡದ್ದಕ್ಕೆ ಕಳ್ಳಿ ಅನ್ನಿಸುತ್ತದೆ ಎಂದು ಬರೆದಾಗ ನನಗೆ ನೆನಪಾದದ್ದು ಈಕೆ. ಇವಳಿಂದ ಯಾರೂ ಏನನ್ನೂ ಬರೆದುಕೊಂಡು ಹೋಗಲಿಲ್ಲ, ಬರೆದದ್ದನ್ನೂ ಅಳಿಸಿದರು. ನಾನು ಆಮೇಲೆ ಆ ಊರಿಗೆ ಹೋಗಲಿಲ್ಲ. ಒಂದೇ ಬಸ್ಸಿನ ದಾರಿ, ಆದರೂ ಹೋಗಲಿಲ್ಲ. ಆ ಮನೆಯ ಮುಂದೆ ನಿಂತರೆ ಆಕೆ ಬರೆದಿರಾ ಎಂದು ಕೇಳುತ್ತಾಳೆ ಎಂಬ ಅಳುಕು. ಈಗ ಆಕೆ ಇದ್ದಾಳೋ ಇಲ್ಲವೋ.

1991ರಲ್ಲಿ ಮತ್ತೆ ನನ್ನ ಕೈಗೆ ಫಾರಂ ಬಂತು. ಹೋದ ವರ್ಷ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆಯ ಜೊತೆಗೆ ಈ ಸಲ ಹೊಸದೊಂದು ಸಾಲು ಇತ್ತು: ಜಮೀನಿನಲ್ಲಿ ಅಥವಾ ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವನ್ನೂ ಸೇರಿಸಿಕೊಳ್ಳಿ ಎಂದು. ತರಬೇತಿಯಲ್ಲಿ ಅದನ್ನು ಓದಿ ಹೇಳಿದಾಗ ಅಕ್ಕಪಕ್ಕದ ಮೇಷ್ಟ್ರುಗಳು ಆಕಳಿಸುತ್ತಿದ್ದರು. ನಾನೊಬ್ಬಳೇ ಅದನ್ನು ಮತ್ತೆ ಮತ್ತೆ ಓದಿದೆ. ಆ ಸಾಲು ಎಲ್ಲಿಂದ ಬಂತು ಎಂದು ಆಗ ನನಗೆ ತಿಳಿಯದು, ನಿನ್ನ ಮೊದಲ ಅಧ್ಯಾಯ ಓದಿದ ಮೇಲೆ ತಿಳಿಯಿತು. ದೆಹಲಿಯಲ್ಲಿ ಕೂತು ವರ್ಷಗಟ್ಟಲೆ ಜಗಳವಾಡಿದ ಹೆಂಗಸರಿದ್ದರು. ನಮ್ಮ ಮೈಸೂರಿನಲ್ಲೇ 1933ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ರಾಜಸ್ಥಾನ ಮತ್ತು ಬಂಗಾಳದ ಹಳ್ಳಿಗಳಲ್ಲಿ ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ಗಂಟೆ ಗಂಟೆಯ ಲೆಕ್ಕ ಹಾಕಿಸಿ, ಕೆಲಸವಿಲ್ಲದವರು ಎಂದು ಬರೆಸಿಕೊಂಡ ಹೆಂಗಸರು ಎಷ್ಟು ದುಡಿಯುತ್ತಾರೆ ಎಂದು ತೋರಿಸಿದ್ದರು. ಆ ಲೆಕ್ಕಕ್ಕೂ ಯಾರೋ ಒಬ್ಬಳು ಪುಸ್ತಕ ಹಿಡಿದು ಯಾರದೋ ಅಡುಗೆಮನೆ ಬಾಗಿಲಲ್ಲಿ ನಿಂತಿರಬೇಕು. ನಿನ್ನ ಹಾಗೆ. ಅವಳನ್ನೂ ಯಾರೋ ನನಗೇನು ಬರುತ್ತದೆ ಎಂದು ಕೇಳಿರಬೇಕು.

ಹಾಗೆಂದು ಆ ಒಂದು ಸಾಲಿನಿಂದ ನಮ್ಮ ಊರುಗಳ ಹೆಂಗಸರ ಕೈಗೆ ಒಂದು ರೂಪಾಯಿ ಹೆಚ್ಚು ಬಂತೇ? ನನಗೆ ಕಂಡಂತೆ ಬರಲಿಲ್ಲ. ಇದನ್ನು ಮುಚ್ಚಿಟ್ಟು ನಿನಗೆ ಸಮಾಧಾನ ಹೇಳಲಾರೆ. ನೀನು ಬರೆದರೆ ಆಕೆಗೆ ಒಳ್ಳೆಯದಾಗುತ್ತದೆ ಎಂದು ಆಣೆ ಹಾಕಿ ಹೇಳಲು ನನಗೆ ಬಾರದು. ಆಕೆಯ ಮುಂದೆ ನೀನೂ ಹಾಗೆ ಹೇಳಬೇಡ. ನಮ್ಮೂರಿನ ಹೆಂಗಸರು ಆಶ್ವಾಸನೆಗಳನ್ನು ಎಷ್ಟೋ ಕೇಳಿದ್ದಾರೆ, ವಾಸನೆಯಿಂದಲೇ ಗುರುತು ಹಿಡಿಯುತ್ತಾರೆ.

ಇಲ್ಲಿ ನಿನ್ನ ಎರಡನೆಯ ಅಧ್ಯಾಯದ ಬಗ್ಗೆ ನನ್ನದೊಂದು ತಕರಾರಿದೆ. ಬಾಂಕುರಾದ ವಿಷಯವನ್ನು ಒಂದೂವರೆ ಪುಟದಲ್ಲಿ ಮುಗಿಸಿಬಿಟ್ಟಿದ್ದೀಯ. ಸಮಿತಿ, ಸಂಸ್ಥೆ, ಸಮ್ಮೇಳನಗಳಿಗೆ ಮೂವತ್ತು ಪುಟ. 1980ರಲ್ಲಿ ದೆಹಲಿಯಲ್ಲಿ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರ ಶುರುಮಾಡಿದ ವರ್ಷವೇ ಅವರು ಬಂಗಾಳದ ಬಾಂಕುರಾ ಜಿಲ್ಲೆಯ ಝಿಲಿಮಿಲಿಗೆ ಹೋದರು, ಅಲ್ಲಿ ಭೂಮಿಯಿಲ್ಲದ ಹೆಂಗಸರ ಶಿಬಿರ ನಡೆಯಿತು. ಅವರೆಲ್ಲ ನಾಟಿ ಕೊಯ್ಲಿನ ಕಾಲಕ್ಕೆ ಮಕ್ಕಳುಮರಿ ಕಟ್ಟಿಕೊಂಡು ಬೇರೆ ಜಿಲ್ಲೆಗೆ ಕೂಲಿಗೆ ಹೋಗುವವರು. ಅವರಿಗೆ ಬೇಕಾಗಿದ್ದದ್ದು ಊರಲ್ಲೇ ಕೆಲಸ. ಆ ಮಾತಿನ ಹಿಂದೆ ಬಿದ್ದು ಹೆಂಗಸರ ಸಮಿತಿಗಳಾದವು, ಪಾಳುಬಿದ್ದ ಜಮೀನು ಅವರ ಕೈಗೆ ಬಂತು, ಅಲ್ಲಿ ಗಿಡ ನೆಟ್ಟರು, ಟಸರ್ ರೇಷ್ಮೆ ಸಾಕಿದರು.

ರೇಷ್ಮೆ ಎಂದು ಓದಿದ ಕೂಡಲೇ ನಾನು ಎದ್ದು ಕೂತೆ. ಅವರು ನೆಟ್ಟದ್ದು ಅರ್ಜುನ ಗಿಡ, ನಮ್ಮ ಕಾವೇರಿ ದಂಡೆಯ ಹೊಳೆಮತ್ತಿಯೇ ಅದು. ನಮ್ಮ ಹುಳುವನ್ನು ಮನೆಯೊಳಗೆ ತಟ್ಟೆಯಲ್ಲಿಟ್ಟು ಬಾಣಂತಿಯಂತೆ ನೋಡಿಕೊಳ್ಳುತ್ತೇವೆ, ಟಸರ್ ಹುಳು ಬಯಲಲ್ಲಿ ಮರದ ಮೇಲೆಯೇ ಬೆಳೆಯುತ್ತದೆ. ಹಕ್ಕಿ ಬರುತ್ತದೆ, ಇರುವೆ ಹತ್ತುತ್ತದೆ, ಹಗಲೆಲ್ಲ ಕಾಯಬೇಕು. ಅಷ್ಟನ್ನು ನೋಡಿಕೊಂಡು ಮರ ಬೆಳೆಯುವವರೆಗೆ ಕಾದು ಕೂರುವುದೆಂದರೆ ಎಷ್ಟು ವರ್ಷದ ಮಾತು, ನೀನೇ ಯೋಚಿಸು. ಒಂದು ಸಲ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುವ ಕೆಲಸ ಅದಲ್ಲ. ವೀಣಾ ಅಲ್ಲಿಗೆ ಮತ್ತೆ ಮತ್ತೆ ಹೋದರು. ಆ ಹೆಂಗಸರೇ ತಮಗೆ ಪಾಠ ಹೇಳಿದವರು ಎನ್ನುವಂತೆ ಕೊನೆಯವರೆಗೂ ಮಾತಾಡುತ್ತಿದ್ದರು. ಇದನ್ನು ನೀನು ಒಂದೂವರೆ ಪುಟಕ್ಕೆ ಇಳಿಸಿದ್ದೀಯ, ಅಲ್ಲಿ ಇಲ್ಲದ ಉತ್ತರವನ್ನು ನನ್ನ ಹತ್ತಿರ ಹುಡುಕುತ್ತಿದ್ದೀಯ.

ನೀನು ಮಳವಳ್ಳಿಯಲ್ಲಿ ಬಾಂಕುರಾ ಕಟ್ಟಬೇಕು ಎಂದು ನಾನು ಹೇಳುತ್ತಿಲ್ಲ. ಬಾಂಕುರಾಕ್ಕೆ ಹೋದಾಗ ಅವರಿಗೆ ಐವತ್ತಮೂರು, ಹಿಂದೆ ಒಂದು ಸಂಸ್ಥೆ ಇತ್ತು, ಮಂತ್ರಿಗಳ ಜೊತೆ ಜೋರಾಗಿ ಮಾತಾಡುವ ಬಾಯಿ ಇತ್ತು. ನಿನ್ನ ಹತ್ತಿರ ಇರುವುದು ತಡವಾಗಿ ಬರುವ ಫೆಲೋಶಿಪ್ ಮತ್ತು ಒಂದು ಹಳೆಯ ಲ್ಯಾಪ್‌ಟಾಪ್. (ಅವರು ಸಿಗರೇಟು ಸೇದುತ್ತಿದ್ದ ವಿಷಯವನ್ನು ನೀನು ಮೆಚ್ಚುಗೆಯಿಂದ ಬರೆದಂತಿದೆ. ಅದೊಂದನ್ನು ಮಾತ್ರ ಅನುಸರಿಸಬೇಡ.)

ನಿನ್ನ ಅಧ್ಯಾಯಗಳಲ್ಲಿ ನನಗೆ ಇಷ್ಟವಾದ ಇನ್ನೊಂದು ಭಾಗ, ಸಮಿತಿಯಲ್ಲಿ ಹೆಂಗಸರಿಗೆ ಶಾಸನಸಭೆಗಳ ಮೀಸಲಾತಿ ಬೇಡವೆಂದು ಬಹುಮತವಾದಾಗ ವೀಣಾ ಮತ್ತು ಇನ್ನೊಬ್ಬ ಸದಸ್ಯೆ ಲೋತಿಕಾ ಸರ್ಕಾರ್ ಸೇರಿ ಭಿನ್ನಮತ ಬರೆದದ್ದು. ಹೆಂಗಸರ ಜೊತೆ ಕೂತು ಕೇಳಿದ ಮೇಲೆ ಹಳೆಯ ಅಭಿಪ್ರಾಯವನ್ನೇ ಹಿಡಿದುಕೊಂಡು ಕೂರಲಿಲ್ಲ. ನಮ್ಮಲ್ಲಿ 1983ರ ಪಂಚಾಯಿತಿ ಕಾಯಿದೆ ಬಂದು, 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆಯಾಗಿ, ನಾಲ್ಕರಲ್ಲೊಂದು ಪಾಲು ಹೆಂಗಸರಿಗೆ ಎಂದಾಗ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಂಥ ನಗು. ಹೆಬ್ಬೆಟ್ಟಿನವರು ಬಂದು ಏನು ಮಾಡುತ್ತಾರೆ ಎಂದು. ನಾನು ನಗಲಿಲ್ಲ. ಎದ್ದು ನಿಂತು ಏನನ್ನೂ ಹೇಳಲೂ ಇಲ್ಲ.

ನನ್ನ ಕಥೆಯೆಲ್ಲ ಹೀಗೆಯೇ, ಅಂಚಿನವರೆಗೆ ಹೋಗಿ ನಿಲ್ಲುವುದು. ಎಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ವಿಜಯಾ ದಬ್ಬೆ ಮತ್ತು ಅವರ ಸಮತಾ ವೇದಿಕೆಯವರು ಸಭೆ ಮಾಡುತ್ತಿದ್ದರು. ನೀನು ಈಗ ಓಡಾಡುವ ಅದೇ ಮಾನಸಗಂಗೋತ್ರಿಯಲ್ಲಿ, ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಅವರು ಪಾಠ ಹೇಳುತ್ತಿದ್ದದ್ದು. ಹಳೆಯ ಕನ್ನಡ ಸಾಹಿತ್ಯವನ್ನೂ ಇಂದಿನ ಹೆಣ್ಣಿನ ಕಣ್ಣಿಂದ ಓದಬಹುದು ಎಂದು ನಮಗೆಲ್ಲ ತೋರಿಸಿದವರು, ತರಗತಿಯಲ್ಲಿ ಹೇಳಿದ್ದನ್ನು ಬೀದಿಗೆ ಬಂದೂ ಹೇಳಿದವರು. ಸ್ನೇಹಿತೆಯೊಬ್ಬಳು ಎಳೆದುಕೊಂಡು ಹೋಗಿದ್ದಳು. ಹಿಂದಿನ ಸಾಲಿನಲ್ಲಿ ಕೂತೆ. ಅವರು ಕೂಗಾಡದೆ, ಪ್ರತಿ ಮಾತನ್ನು ತೂಗಿ ಆಡುವ ರೀತಿ ನನಗೆ ಬಹಳ ಹಿಡಿಸಿತು. ಜನಗಣತಿಯ ವಿಷಯವನ್ನು ಇವರಿಗೆ ಹೇಳಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಮಂಡ್ಯದ ಕೊನೆಯ ಬಸ್ಸು ತಪ್ಪುತ್ತದೆಂದು ಸಭೆ ಮುಗಿಯುವ ಮೊದಲೇ ಎದ್ದು ಬಂದೆ. ಇನ್ನೊಂದು ಸಲ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಅವರಿಗೆ ಅಪಘಾತವಾಗಿ ತಲೆಗೆ ಪೆಟ್ಟಾಯಿತು, ಬರವಣಿಗೆಯಿಂದಲೂ ಸಭೆಗಳಿಂದಲೂ ದೂರವಾಗಿ ಎಷ್ಟೋ ವರ್ಷ ಕಳೆದರು. 2018ರಲ್ಲಿ ತೀರಿಕೊಂಡರು. ಪತ್ರಿಕೆಯಲ್ಲಿ ಓದಿದ ದಿನ ನಿಮ್ಮ ಮಾವ ಯಾಕೆ ಹೀಗೆ ಕೂತಿದ್ದೀಯ ಎಂದು ಕೇಳಿದರು. ಪರಿಚಯವೇ ಇಲ್ಲದವರ ಸಾವಿಗೆ ಅಳುವುದನ್ನು ಹೇಗೆ ವಿವರಿಸುವುದು?

ನನ್ನ ಓದು ನಿಂತದ್ದು, ನಿನ್ನ ಅಜ್ಜಿಯ ಹಟ, ಅದೆಲ್ಲ ನಿನಗೆ ಗೊತ್ತಿರುವುದೇ. ಅದಕ್ಕೆ ಇಲ್ಲಿ ಜಾಗವಿಲ್ಲ.

ಮತ್ತೆ ಅದೇ ಕಡೆ ಬರುತ್ತೇನೆ, ಕ್ಷಮಿಸು. ಬಿಟ್ಟುಬಿಟ್ಟರೆ ನಿನ್ನ ಕೈ ಶುದ್ಧವಾಗುತ್ತದೆ ಎಂದು ನಿನಗೆ ಅನ್ನಿಸಿರಬಹುದು. ಆದರೆ ಪುಟ್ಟಿ, ಆಕೆ ಈಗಾಗಲೇ ಹೇಳಿದ್ದಾಳಲ್ಲ. ಆಕೆಯ ಮೂರು ಮಧ್ಯಾಹ್ನಗಳು ನಿನ್ನ ಪುಸ್ತಕದಲ್ಲಿವೆ. ಅಧ್ಯಾಯ ಬರೆಯದಿದ್ದರೆ ಆ ಮಧ್ಯಾಹ್ನಗಳು ಆಕೆಗೆ ವಾಪಸು ಹೋಗುವುದಿಲ್ಲ, ನಿನ್ನ ಹಾಸ್ಟೆಲಿನ ಕಪಾಟಿನಲ್ಲಿ ಉಳಿಯುತ್ತವೆ. ನೀನು ಹೆದರುವ ಕಳ್ಳತನ ನಿಜವಾಗಿ ಆಗುವುದು ಆವಾಗಲೇ ಎಂದು ನನಗೆ ಕಾಣುತ್ತದೆ. ತಪ್ಪಿದ್ದರೆ ವಾದ ಮಾಡು, ನೀನು ವಾದ ಮಾಡದ ದಿನವೇ ನನಗೆ ಚಿಂತೆ.

ಏನು ಮಾಡಬೇಕೆಂದು ಕೇಳಿದರೆ, ಮೇಷ್ಟ್ರ ಬುದ್ಧಿಯವಳಾದ ನನಗೆ ಸಣ್ಣ ಸಣ್ಣವೇ ಹೊಳೆಯುತ್ತವೆ. ಹುಳು ನಾಲ್ಕನೇ ಜ್ವರ ಎದ್ದ ವಾರದಲ್ಲಿ ಆ ಮನೆಗೆ ಹೋಗಬೇಡ, ಹೋದರೂ ಪುಸ್ತಕ ಬಿಚ್ಚಬೇಡ. ಹುಳು ಎಳೆಯದಿದ್ದಾಗ ಹೋಗಿ ಸೊಪ್ಪು ಹೆಚ್ಚಿಕೊಡು, ಚೆನ್ನಾಗಿ ಹೆಚ್ಚಲು ಬಾರದಿದ್ದರೆ ಆಕೆ ನಗುತ್ತಾಳೆ, ಅದೂ ಒಳ್ಳೆಯದೇ. ತಲೆಗೆ ಘಮಘಮಿಸುವ ಎಣ್ಣೆ, ಸೆಂಟು ಹಾಕಿಕೊಂಡು ಹುಳುವಿನ ಮನೆಗೆ ಹೋಗುವ ಅಭ್ಯಾಸ ಇದ್ದರೆ ಬಿಡು, ಅವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹುಳುವಿಗೆ ಆಗದೆಂದು ಮನಸ್ಸಿನಲ್ಲಿ ಬೈಯುತ್ತಾರೆ. ನಿನ್ನ ಬರಹವನ್ನು ಕನ್ನಡದಲ್ಲಿ ಆಕೆಗೆ ಓದಿ ಹೇಳು. ಪ್ರಬಂಧ ಇಂಗ್ಲಿಷಿನಲ್ಲಿ ಇರಬೇಕೆಂದು ನಿಮ್ಮಲ್ಲಿ ಹೇಳಿದರೆ ಇರಲಿ, ಆಕೆಯ ಭಾಗವನ್ನಾದರೂ ಮೊದಲು ಕನ್ನಡದಲ್ಲಿ ಬರೆ. ಆಕೆ ಇದು ಬೇಡ ಎಂದದ್ದನ್ನು ತೆಗೆದುಹಾಕು, ಎಷ್ಟೇ ಒಳ್ಳೆಯ ಸಾಲಾಗಿದ್ದರೂ. ಇವೆಲ್ಲ ನಿನಗೆ ನಿಮ್ಮ ತರಗತಿಯಲ್ಲಿ ದೊಡ್ಡ ಹೆಸರಿಟ್ಟು ಹೇಳಿಕೊಟ್ಟಿರುತ್ತಾರೆ, ನಾನು ಮತ್ತೆ ಹೇಳುವುದು ಅಧಿಕಪ್ರಸಂಗ.

ಮತ್ತೆ ಆ ಪ್ರಶ್ನೆ. ಹೋಗಿ ಉತ್ತರ ಹೇಳು. ಏನೂ ಬರುವುದಿಲ್ಲ ಎಂಬುದೇ ನಿಜವಾದರೆ ಏನೂ ಬರುವುದಿಲ್ಲ ಎಂದೇ ಹೇಳು. ನಿನಗೆ ಎಷ್ಟು ಹಣ ಬರುತ್ತದೆ, ಪದವಿ ಬಂದರೆ ಏನಾಗಬಹುದು, ಏನಾಗದೆಯೂ ಇರಬಹುದು, ಲೆಕ್ಕ ಬಿಚ್ಚಿಡು. ಆಮೇಲೆ ಗೂಡಿನ ದುಡ್ಡಿನಲ್ಲಿ ನಿಮಗೇನು ಬರುತ್ತದೆ ಎಂದು ಆಕೆಯನ್ನು ಕೇಳು, ಮನೆಯ ಗಂಡಸರು ಇಲ್ಲದಾಗ. ನಿನ್ನ ಮೂರನೆಯ ಅಧ್ಯಾಯ ಅಲ್ಲಿಂದ ಶುರುವಾಗಬಹುದು ಎಂದು ನನ್ನ ಊಹೆ. ನಿನ್ನ ಮಾರ್ಗದರ್ಶಕರಿಗೆ ಇದು ಹಿಡಿಸದಿದ್ದರೆ ನನ್ನ ಹೆಸರು ಹೇಳಬೇಡ.

ಒಂದು ಆಸೆ ಇದೆ, ಹೇಳಲು ಸಂಕೋಚ. ನೀನು ಮುಂದಿನ ಸಲ ಆ ಕಡೆ ಹೋಗುವಾಗ ನಾನೂ ಬರಲೇ? ನಿನ್ನ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡಿಲ್ಲ, ಮೊಣಕಾಲೊಂದೇ ತಕರಾರು. ನೀನು ಮಾತಾಡುತ್ತಿರು, ನಾನು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನನ್ನ ಹಳೆಯ ಊರಿಗೆ ಹೋಗಿ ಬರುತ್ತೇನೆ. ಆ ಮನೆಯಲ್ಲಿ ಈಗ ಸೊಸೆಯೋ ಮೊಮ್ಮಗಳೋ ಇರುತ್ತಾರೆ. ಅವರಿಗೆ ಏನು ಹೇಳುವುದು ಎಂದು ಇನ್ನೂ ಗೊತ್ತಿಲ್ಲ. ಬೇಡ ಅನ್ನಿಸಿದರೆ ಬೇಡವೆಂದೇ ಬರೆ.

ನಿನ್ನ ಅಪ್ಪ ಆ ಬೆಂಗಳೂರಿನ ಹುಡುಗನ ವಿಷಯವನ್ನು ನಿನಗೆ ಬರೆಯುವಂತೆ ನನಗೆ ಹೇಳಿದ್ದಾನೆ. ಅದಕ್ಕೆ ಬೇರೆ ಕಾಗದ ಬರೆಯುತ್ತೇನೆ, ಇದರಲ್ಲಿ ಬೆರೆಸುವುದಿಲ್ಲ. ಅಡಿಟಿಪ್ಪಣಿ ಕಡಿಮೆ ಮಾಡು. ಬಾಂಕುರಾದ ಭಾಗವನ್ನು ಬೆಳೆಸಿ ಬರೆದರೆ ಮೊದಲು ನನಗೇ ಕಳುಹಿಸು, ಅಕ್ಷರ ಮಾತ್ರ ದೊಡ್ಡದಾಗಿರಲಿ.

ಇಂತಿ,
ನಿನ್ನ ಅತ್ತೆ